ಬಾಕ್ಸಿಂಗ್ ಬಿಟ್ಟವನ ಕಿವಿ

ಆ ಕಿವಿ ಕಂಡ ಕೂಡಲೇ ನನ್ನ ಹೊಟ್ಟೆ ತೊಳೆಸಿತು.

ಆರು ವರ್ಷದಿಂದ ಕಿವಿ, ಮೂಗು, ಗಂಟಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೇನೆ. ಕೀವು, ಗುಗ್ಗೆ, ಮೂಗಿನೊಳಗೆ ಸಿಕ್ಕಿಕೊಂಡು ಕೊಳೆತ ಬಟಾಣಿ, ಎಲ್ಲ ಕಂಡವಳು. ದಿನಾ ನೋಡಿದರೆ ಒಗ್ಗಿಹೋಗುತ್ತದೆ ಎಂದು ಕೆಲಸಕ್ಕೆ ಸೇರಿದ ದಿನ ಡಾಕ್ಟರಮ್ಮ ಹೇಳಿದ್ದರು. ಒಗ್ಗಲಿಲ್ಲ. ಮುಖ ಸಿಂಡರಿಸಿಕೊಂಡೇ ಆರು ವರ್ಷ ಕೆಲಸ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಆದರೆ ಈ ಎಡಗಿವಿಯ ಕಥೆಯೇ ಬೇರೆ. ಮೇಲರ್ಧ ಊದಿ, ಮಡಿಕೆಗಳೆಲ್ಲ ಅಳಿಸಿಹೋಗಿ, ಬದನೆಕಾಯಿ ಬಣ್ಣಕ್ಕೆ ತಿರುಗಿ ಮಿರಮಿರ ಹೊಳೆಯುತ್ತಿತ್ತು.

ಕಿವಿಯಿಂದ ಕಣ್ಣು ಕಿತ್ತು ಮುಖ ನೋಡಿದೆ. ಇನ್ನೂ ಜಾಸ್ತಿ ತೊಳೆಸಿತು. ಎಡಚ!

“ನಮಸ್ಕಾರ ಮೇಡಂ,” ಎಂದ, ಏನೂ ಆಗಿಲ್ಲವೆಂಬಂತೆ.

“ಟೋಕನ್ ತಗೊಂಡ್ಯಾ?”

“ತಗೊಂಡೆ. ಹದಿನೇಳು.”

“ಹದಿನೇಳು ಬರೋ ತನಕ ಹೊರಗೆ ಕೂತ್ಕೋ. ಒಳಗೆ ಯಾಕೆ ನುಗ್ಗಿದೆ?”

“ಹದಿನೇಳು ಅಂತ ಈಗ ನೀವೇ ಕೂಗಿದ್ರಿ.”

ಕೂಗಿದ್ದೆ. ನಾಲಿಗೆ ಕಚ್ಚಿಕೊಂಡು ಸ್ಟೂಲಿನ ಕಡೆ ಬೆರಳು ತೋರಿಸಿದೆ. ಅವನು ನಗು ಅದುಮಿಟ್ಟುಕೊಂಡು ಕೂತ. ಅದುಮಿಟ್ಟ ನಗು ಕೆಳತುಟಿಯ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಒಂಬತ್ತು ವರ್ಷದಿಂದ ನೋಡಿದ ನಗು. ನನಗೆ ಮೈಯೆಲ್ಲ ಉರಿಯಿತು.

ಯಾಕೆಂದರೆ ಇವನು ನನ್ನ ಅಪ್ಪನಿಗೆ ಕೈ ಕೊಟ್ಟು ಓಡಿಹೋದವನು.

ಅಪ್ಪ ಬಾಕ್ಸಿಂಗ್ ಕೋಚ್. ಒಂದು ಹಳೆಯ ಗೋಡೌನಿನಲ್ಲಿ ಮೂವತ್ತು ವರ್ಷದಿಂದ ಕ್ಲಬ್ ನಡೆಸುತ್ತಿದ್ದಾರೆ. ಅಲ್ಲಿಗೆ ಬಂದವರಲ್ಲೆಲ್ಲ ಈ ಎಡಗೈ ಹುಡುಗನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಎಡಚ ಎಂದು ಹೆಸರಿಟ್ಟವರೂ ಅವರೇ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ, ಊಟಕ್ಕೆ ಮಾತ್ರ ಎಷ್ಟೋ ಸಲ ಮೂವರು. ಅಂಥವನು ನಾಲ್ಕು ತಿಂಗಳ ಹಿಂದೆ ಒಂದು ಮಾತೂ ಹೇಳದೆ ಕ್ಲಬ್ಬಿಗೆ ಬರುವುದನ್ನು ನಿಲ್ಲಿಸಿದ. ಊರಿನ ಆ ತುದಿಯಲ್ಲಿ ಎಂಎಂಎ ಜಿಮ್ ಸೇರಿದನಂತೆ ಎಂದು ಯಾರೋ ಹೇಳಿದರು. ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಗುದ್ದುವುದು, ಒದೆಯುವುದು, ಕುಸ್ತಿ, ಎಲ್ಲ ಕಲಸಿದ ಹೊಡೆದಾಟ. ಅದೂ ಬಲೆ ಕಟ್ಟಿದ ಪಂಜರದಲ್ಲಿ. ಟೀವಿಯಲ್ಲಿ ಒಮ್ಮೆ ನೋಡಿದ್ದೆ. ಇಬ್ಬರು ಗಂಡಸರು ಬೆವರಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಉರುಳುತ್ತಿದ್ದರು. ಥೂ! ತಕ್ಷಣ ಚಾನೆಲ್ ಬದಲಾಯಿಸಿದ್ದೆ.

ಅವನು ಹೋದ ಮೇಲೆ ಅಪ್ಪ ಅಪ್ಪನಾಗಿ ಉಳಿಯಲಿಲ್ಲ. ಮಾತು ಕಡಿಮೆಯಾಯಿತು. ಆಡಿದರೂ ಹೇಳಿದ್ದನ್ನೇ ಹೇಳುತ್ತಿದ್ದರು. ತುತ್ತನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದರು. ಎರಡು ಸಲ ಸ್ಟವ್ ಆರಿಸಲು ಮರೆತು ಪಾತ್ರೆ ಸೀಯಿಸಿದರು. ಮಗನ ಹಾಗೆ ಸಾಕಿದವನು ಮೋಸ ಮಾಡಿದ ಕೊರಗು ಎಂದು ನಾನು ಲೆಕ್ಕ ಹಾಕಿದ್ದೆ. ನನಗೆ ಬೇಕಿದ್ದುದು ಒಂದೇ: ಅಪ್ಪ ಮೊದಲಿನ ಹಾಗೆ ಆಗಬೇಕು. ಅದಕ್ಕೆ ಈ ಓಡಿಹೋದವನನ್ನು ಹೇಗಾದರೂ ಕ್ಲಬ್ಬಿಗೆ ವಾಪಸ್ ಎಳೆದು ತರಬೇಕು.

ಡಾಕ್ಟರಮ್ಮ ಬಂದು ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

“ಕುಸ್ತಿಯವರ ಕಿವಿ. ಉಜ್ಜಿ ಉಜ್ಜಿ ಚರ್ಮದ ಕೆಳಗೆ ರಕ್ತ ನಿಂತಿದೆ. ತೆಗೀದಿದ್ರೆ ಗಟ್ಟಿಯಾಗಿ ಜೀವನಪೂರ್ತಿ ಹೂಕೋಸಿನ ಥರ ಇರುತ್ತೆ.”

ಸೂಜಿ ಚುಚ್ಚಿ ಎಳೆದಾಗ ಸಿರಿಂಜಿನೊಳಗೆ ಕಪ್ಪು ರಕ್ತ ತುಂಬಿತು. ನಾನು ಉಗುಳು ನುಂಗಿದೆ. ಅವನು ಮಾತ್ರ ಗೋಡೆಯ ಮೇಲಿನ ಗಂಟಲಿನ ಚಿತ್ರ ನೋಡುತ್ತ ಆರಾಮಾಗಿ ಕೂತಿದ್ದ.

“ಹತ್ತು ನಿಮಿಷ ಒತ್ತಿ ಹಿಡಿ, ಆಮೇಲೆ ಹತ್ತಿ ಇಟ್ಟು ಬಿಗಿಯಾಗಿ ಕಟ್ಟು,” ಎಂದು ನನಗೆ ಹೇಳಿ ಡಾಕ್ಟರಮ್ಮ ಪಕ್ಕದ ರೂಮಿಗೆ ಹೋದರು.

ಕಿವಿಯ ಹಿಂದೆ ಎರಡು ಬೆರಳು, ಮುಂದೆ ಹೆಬ್ಬೆರಳು. ಇನ್ನೊಂದು ಕೈ ತಲೆಯ ಆ ಕಡೆಗೆ, ಅಲುಗದ ಹಾಗೆ. ಗ್ಲೌಸಿನ ಒಳಗಿನಿಂದಲೂ ಅವನ ಕಿವಿಯ ಬಿಸಿ ತಿಳಿಯುತ್ತಿತ್ತು. ಸಾಬೂನಿನ ವಾಸನೆ, ಅದರ ಕೆಳಗೆ ರಬ್ಬರ್ ಮ್ಯಾಟಿನ ವಾಸನೆ.

“ಸ್ವಲ್ಪ ಮೆಲ್ಲಗೆ,” ಎಂದ.

“ಮೆಲ್ಲಗೆ ಒತ್ತಿದ್ರೆ ಮತ್ತೆ ತುಂಬ್ಕೊಳ್ಳುತ್ತೆ.”

“ಸಿಟ್ಟಿಗೆ ಒತ್ತುತಾ ಇದ್ದೀರೋ, ಕಿವಿಗೋ?”

“ಎರಡಕ್ಕೂ. ನಮ್ಮಪ್ಪನ್ನ ಯಾಕೆ ಬಿಟ್ಟುಹೋದೆ?”

ಅವನು ಕಣ್ಣು ಮೇಲೆತ್ತಿ ನನ್ನನ್ನು ನೋಡಿದ. ತಲೆ ನನ್ನ ಕೈಯಲ್ಲಿತ್ತು, ಕಣ್ಣನ್ನು ಮಾತ್ರ ಅಲ್ಲಾಡಿಸಬಹುದಿತ್ತು. ಇಷ್ಟು ಉದ್ದ ರೆಪ್ಪೆ ಈ ಮನುಷ್ಯನಿಗೆ ಯಾಕೆ ಬೇಕಿತ್ತು ಎಂದು ಅನಿಸಿ, ಹಾಗೆ ಅನಿಸಿದ್ದಕ್ಕೇ ಅಸಹ್ಯವಾಯಿತು.

“ಎಂಎಂಎ ಚೆನ್ನಾಗಿದೆ, ಮೇಡಂ.”

“ಏನು ಚೆನ್ನಾಗಿದೆ?”

“ಬಾಕ್ಸಿಂಗಲ್ಲಿ ನಂಗಿರೋದು ಎರಡೇ ಕೈ. ಇಲ್ಲಿ ಕಾಲೂ ಇದೆ, ಮೊಣಕಾಲು, ಸೊಂಟ…”

“ಎಲ್ಲರಿಗೂ ಇರುತ್ತೆ ಸೊಂಟ. ಬೊಗಳೆ ಬಿಡಬೇಡ.”

ಅವನು ನಕ್ಕ. ನಕ್ಕಾಗ ಕಿವಿ ಅಲುಗಿತು. ಸುಮ್ಮನಿರು ಎಂದು ಗದರಿಸಿ ಇನ್ನಷ್ಟು ಒತ್ತಿದೆ.

“ಆರು ದಿನ ಮ್ಯಾಟಿಗೆ ಇಳೀಬಾರದು,” ಎಂದು ಪಟ್ಟಿ ಕಟ್ಟಿ ಕಳಿಸಿದೆ.

ಐದನೇ ದಿನ ಬಂದ. ಪಟ್ಟಿ ಎಲ್ಲೋ ಬಿದ್ದುಹೋಗಿತ್ತು. ಕಿವಿ ಮತ್ತೆ ಬದನೆಕಾಯಿ.

ಡಾಕ್ಟರಮ್ಮ ಬೈದರು. ಅವರು ಹೋದ ಮೇಲೆ ನಾನು ಮಂಗಳಾರತಿ ಎತ್ತಿದೆ. ಅವನು ತಲೆಯನ್ನು ತಾನಾಗಿಯೇ ನನ್ನ ಅಂಗೈಗೆ ಒರಗಿಸಿಕೊಟ್ಟ. ಅಷ್ಟು ಸಲೀಸಾಗಿ ಒರಗಿಸಿದ್ದು ಕಂಡು ನನಗೆ ಒಂದು ಕ್ಷಣ ಬೈಗುಳ ಮರೆತುಹೋಯಿತು.

“ಇವತ್ತಾದ್ರೂ ನಿಜ ಹೇಳು. ವಿಡಿಯೋದಲ್ಲಿ ಮೆರೀಬೇಕು ಅಂತಾನಾ?”

“ಅದೂ ಇದೆ ಅನ್ಕೊಳ್ಳಿ. ಬಾಕ್ಸಿಂಗಲ್ಲಿ ಮೂರು ಸಂಘ, ಮೂರಕ್ಕೂ ಮೂರು ಅಧ್ಯಕ್ಷರು. ಇವರ ಟೂರ್ನಮೆಂಟಲ್ಲಿ ಆಡಿದ್ರೆ ಅವರು ಸೇರಿಸಲ್ಲ. ನಾನು ಒಂಬತ್ತು ವರ್ಷದಲ್ಲಿ ಆಡಿದ್ದು ಹನ್ನೊಂದು ಫೈಟು. ಇಲ್ಲಿ ನಾಲ್ಕು ತಿಂಗಳಲ್ಲಿ ಮೂರು.”

“ಗೆದ್ದಿದ್ದೆಷ್ಟು?”

“ಒಂದು.”

“ನಾಚ್ಕೆ ಆಗಲ್ವಾ?”

“ಸೋತ ಎರಡರಲ್ಲೂ ನಡ್ಕೊಂಡು ಮನೆಗೆ ಹೋದೆ. ತಲೆ ನೋವಿರಲಿಲ್ಲ. ಬಾಕ್ಸಿಂಗಲ್ಲಿ ಗೆದ್ದ ದಿನಾನೂ ಎರಡು ದಿನ ಬೆಳಕು ನೋಡೋಕೆ ಆಗ್ತಿರಲಿಲ್ಲ.”

“ಅಲ್ಲೂ ಮುಖಕ್ಕೆ ಗುದ್ದುತಾರಲ್ಲ?”

“ಗುದ್ದುತಾರೆ. ಮೊಣಕೈಯಲ್ಲಿ ಹೊಡೀತಾರೆ, ಒದೀತಾರೆ. ಹಾಲು ಕುಡಿಯೋ ಮಕ್ಕಳ ಆಟ ಅಲ್ಲ ಅದು. ಆದ್ರೆ ಬಾಕ್ಸಿಂಗಲ್ಲಿ ಏಟು ತಿಂದು ತಲೆ ಗಿರ್ ಅಂತ ಬಿದ್ರೆ ಎಂಟರ ತನಕ ಎಣಿಸ್ತಾರೆ, ಎದ್ದು ನಿಲ್ಲಿಸ್ತಾರೆ, ಅದೇ ತಲೆಗೆ ಮತ್ತೆ ಹೊಡೆಸ್ತಾರೆ. ಎದ್ದವನಿಗೆ ಚಪ್ಪಾಳೆ ಬೇರೆ. ನಾನೂ ಎಷ್ಟೋ ಸಲ ಎದ್ದಿದ್ದೀನಿ, ಚಪ್ಪಾಳೆ ತಗೊಂಡಿದ್ದೀನಿ.”

ಅವನ ದನಿಯಲ್ಲಿ ಏನೋ ಇತ್ತು. ಕೇಳಬೇಕಿತ್ತು. ನನಗೆ ಅಪ್ಪನನ್ನು ಅವಮಾನ ಮಾಡಿದ ಹಾಗೆ ಕೇಳಿಸಿತು, ಸಿಟ್ಟು ಮೂಗಿನ ತುದಿಗೆ ಬಂತು.

“ಎದ್ದು ನಿಲ್ಲೋದನ್ನ ಕಲಿಸಿದ್ದು ನಮ್ಮಪ್ಪ. ನಿಂಗೆ ನೆಲದಲ್ಲಿ ಬಿದ್ದು ಹೊರಳಾಡೋದೇ ಸರಿ.”

ಅವನು ಉಳಿದ ಏಳು ನಿಮಿಷ ಕಣ್ಣು ಮುಚ್ಚಿಕೊಂಡು ಕೂತ. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೂರನೇ ಸಲ ಬಂದಾಗ ಡಾಕ್ಟರಮ್ಮ ಕೈ ಎತ್ತಿದರು. “ಇನ್ನೊಂದ್ಸಲ ಹೀಗೆ ಬಂದ್ರೆ ನನ್ನ ಹತ್ರ ಬರಬೇಡಪ್ಪ. ಕಿವಿ ಕತ್ತರಿಸಿ ಇಸ್ತ್ರಿ ಮಾಡಿಸ್ಕೋ.”

“ಆರು ದಿನ ಸುಮ್ನಿರೋಕೆ ನಿಂಗೇನು ರೋಗ?” ಎಂದು ನಾನು ಕೇಳಿದೆ.

“ಸುಮ್ನಿದ್ರೆ ವಾಸಿ ಆಗಿಬಿಡುತ್ತಲ್ಲ.”

“ಆಗ್ಲಿ ಅಂತಾನೇ ತಾನೆ ಇಷ್ಟೆಲ್ಲ?”

“ವಾಸಿ ಆದ್ರೆ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ?”

ನನ್ನ ಬೆರಳು ಒತ್ತುವುದನ್ನು ನಿಲ್ಲಿಸಿತು. ಅವನು ಗಂಟಲಿನ ಚಿತ್ರವನ್ನೇ ನೋಡುತ್ತಿದ್ದ. ಅವನ ಕತ್ತಿನ ನರ ಮಾತ್ರ ಜೋರಾಗಿ ಬಡಿಯುತ್ತಿತ್ತು, ನನ್ನ ಮಣಿಕಟ್ಟಿನ ಪಕ್ಕದಲ್ಲೇ.

“ಅಸಹ್ಯ,” ಎಂದೆ. “ಹುಡುಗಿ ನೋಡೋಕೆ ಅಂತ ಕಿವಿ ಕೊಳೆಸಿಕೊಂಡು ಬರೋದಾ? ಹೂ ತಗೊಂಡು ಬರ್ತಾರೆ ಜನ.”

“ಹೂ ತಂದಿದ್ರೆ ಹತ್ತು ನಿಮಿಷ ತಲೆ ಹಿಡ್ಕೊಂಡಿರ್ತಿದ್ರಾ?”

“ಮುಖಕ್ಕೆ ಎಸೀತಿದ್ದೆ.”

“ಗೊತ್ತು. ಅದಕ್ಕೇ ಕಿವಿ ತಂದೆ.”

ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಅಪ್ಪ ನೆನಪಾದರು. ಮನೆಯಲ್ಲಿ ಅವರು ಗೋಡೆ ನೋಡುತ್ತ ಕೂತಿರುವಾಗ ನಾನು ಇಲ್ಲಿ ಅವರಿಗೆ ದ್ರೋಹ ಮಾಡಿದವನ ಜೊತೆ ಹಲ್ಲು ಕಿರಿಯುತ್ತಿದ್ದೇನೆ. ನನ್ನ ಮೇಲೇ ಹೇಸಿಗೆಯಾಯಿತು. ಪಟ್ಟಿಯನ್ನು ಅವನು ಆಹ್ ಎನ್ನುವಷ್ಟು ಬಿಗಿದೆ.

ಮರುದಿನ ಡ್ಯೂಟಿ ಮುಗಿಸಿ ಸಂಜೆ ಅವನ ಜಿಮ್ಮಿಗೆ ಹೋದೆ. ಅವನು ಮ್ಯಾಟಿನ ಮೇಲೆ ಇಳಿದಿದ್ದಾನೋ ಇಲ್ಲವೋ ನೋಡಿ, ಸಿಕ್ಕಿಬಿದ್ದರೆ ನಾಲ್ಕು ಜನರ ಮುಂದೆ ಮಾನ ಕಳೆದು, ಆ ನಾಚಿಕೆಯಲ್ಲೇ ಅಪ್ಪನ ಹತ್ತಿರ ಕರೆದುಕೊಂಡು ಹೋಗುವುದು ನನ್ನ ಪ್ಲಾನು.

ಬಾಗಿಲಲ್ಲೇ ವಾಸನೆ ತಡೆಯಿತು. ಪಾದಗಳು, ಒದ್ದೆ ಬಟ್ಟೆ, ಬಾಯಿ, ಮುಲಾಮು. ಚಪ್ಪಲಿ ಬಿಟ್ಟು ಬನ್ನಿ ಎಂದು ಬೋರ್ಡು. ಬರಿಗಾಲಲ್ಲಿ ಮ್ಯಾಟು ತುಳಿದೆ, ಜಿಗುಟಾಗಿತ್ತು. ಹನ್ನೆರಡು ಜನ ಜೋಡಿ ಜೋಡಿಯಾಗಿ ನೆಲದಲ್ಲಿದ್ದರು. ಒಬ್ಬನ ತಲೆ ಇನ್ನೊಬ್ಬನ ಕಂಕುಳಲ್ಲಿ. ಒಬ್ಬನ ಬೆವರು ಇನ್ನೊಬ್ಬನ ಬಾಯಿಗೆ ತೊಟ್ಟಿಕ್ಕುತ್ತಿತ್ತು, ಅವನು ಪಕ್ಕಕ್ಕೆ ಉಗುಳಿ ಮತ್ತೆ ಹಿಡಿತ ಬಿಗಿದ. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ.

ಎಡಚ ಗೋಡೆಗೊರಗಿ ಕೂತಿದ್ದ, ಕಿವಿಗೆ ನಾನು ಕಟ್ಟಿದ ಪಟ್ಟಿ ಹಾಗೇ ಇತ್ತು. ನನ್ನನ್ನು ಕಂಡು ಎದ್ದು ನಿಂತ. ಗಾಬರಿಯೋ ಖುಷಿಯೋ, ಎರಡೂ ಸೇರಿ ಮುಖ ಕಲಸಿಹೋಗಿತ್ತು.

“ನೋಡಿ, ಇಳಿದಿಲ್ಲ,” ಎಂದ. “ನೀವು ಬೈದ್ರಿ ಅಂತ.”

“ನಾನು ನಿನ್ನ ಕಿವಿ ನೋಡೋಕೆ ಬಂದಿಲ್ಲ. ಭಾನುವಾರ ಕ್ಲಬ್ಬಿಗೆ ಬಾ. ಒಂದು ಸಲ ಬಂದು ಅಪ್ಪನ ಕಾಲಿಗೆ ಬೀಳು. ಅವರು ಬೈದ್ರೆ ಬೈಸ್ಕೋ. ನೀನು ಹೋದ ಮೇಲೆ ನಿನ್ನ ತೂಕದ ಹುಡುಗರಿಗೆ ಎದುರು ನಿಂತು ಸ್ಪಾರಿಂಗ್ ಕೊಡೋರು ಯಾರೂ ಇಲ್ಲ. ಅಪ್ಪನೇ ಗ್ಲೌಸ್ ಹಾಕಿ ಇಳೀತಾ ಇದ್ದಾರೆ, ಈ ವಯಸ್ಸಲ್ಲಿ. ನಿಂಗೆ ಸ್ವಲ್ಪನಾದ್ರೂ…”

“ಏನಂದ್ರಿ?”

ಅವನ ಮುಖದಲ್ಲಿದ್ದ ನಗು ಪೂರ್ತಿ ಹೋಗಿತ್ತು.

“ಸರ್ ರಿಂಗಿಗೆ ಇಳೀತಾ ಇದ್ದಾರಾ? ಯಾವಾಗಿಂದ?”

“ನೀನು ಹೋದಾಗಿಂದ. ಪ್ರತಿ ಭಾನುವಾರ.”

ಅವನು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮತ್ತೆ ಕೂತ. ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ.

“ನಾನು ಹೋದ್ರೆ ನಿಲ್ಲಿಸ್ತಾರೆ ಅನ್ಕೊಂಡಿದ್ದೆ,” ಎಂದ. “ಅಯ್ಯೋ, ನಾನು ಹೋದ್ರೆ ನಿಲ್ಲಿಸ್ತಾರೆ ಅಂತಾನೇ ನಾನು ಹೋಗಿದ್ದು.”

ಆಮೇಲೆ ಹೇಳಿದ. ಅವನು ಕ್ಲಬ್ಬಿನಲ್ಲಿದ್ದಾಗಲೂ ಅಪ್ಪನೇ ಅವನಿಗೆ ಸ್ಪಾರಿಂಗ್ ಕೊಡುತ್ತಿದ್ದರಂತೆ, ಕ್ಲಬ್ ಖಾಲಿಯಾದ ಮೇಲೆ, ನನಗೆ ಗೊತ್ತಾಗದ ಹಾಗೆ. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಇವನ ಎಡಗೈ ಏಟು ಅಪ್ಪನಿಗೆ ಕಾಣಿಸಲೇ ಇಲ್ಲ. ಸುಲಭದ ಏಟು, ಹೊಸಬರೂ ತಪ್ಪಿಸಿಕೊಳ್ಳುವಂಥದ್ದು. ದವಡೆಗೆ ಬಿತ್ತು. ಅಪ್ಪ ಬಿದ್ದರು, ಎದ್ದರು, ಕೈ ಮೇಲೆತ್ತಿ, “ಬಾ, ಶುರು ಮಾಡೋಣ, ಫಸ್ಟ್ ರೌಂಡ್,” ಎಂದರು. ಅದು ಮೂರನೇ ರೌಂಡು. ಒಂದು ನಿಮಿಷ ಬಿಟ್ಟು ಮತ್ತೆ, “ಬಾ, ಫಸ್ಟ್ ರೌಂಡ್.” ಮತ್ತೆ ಇನ್ನೊಂದು ಸಲ. ಕೊನೆಗೆ ಇಪ್ಪತ್ತು ವರ್ಷದ ಹಿಂದೆ ಕ್ಲಬ್ ಬಿಟ್ಟ ಯಾರದೋ ಹೆಸರು ಹಿಡಿದು ಇವನನ್ನು ಕರೆದರು.

“ಅರ್ಧ ಗಂಟೆ ಆದ್ಮೇಲೆ ಸರಿಹೋದ್ರು. ಏನಾಯ್ತು ಅಂತ ಕೇಳಿದ್ರು, ಹೇಳಿದೆ. ನನ್ನ ಕೊರಳಪಟ್ಟಿ ಹಿಡ್ಕೊಂಡು, ನನ್ನ ಮಗಳಿಗೆ ಹೇಳಿದ್ರೆ ನನ್ನ ಮುಖ ನೋಡಬೇಡ ಅಂದ್ರು. ಮಾತು ಕೊಟ್ಟೆ. ಮರುದಿನ ಬಂದು ನೋಡಿದ್ರೆ ಮತ್ತೆ ಗ್ಲೌಸ್ ಹಾಕ್ಕೊಂಡು ನಿಂತಿದ್ದಾರೆ, ಬಾ ಅಂತ. ಆಗಲ್ಲ ಅಂದೆ. ಹೇಡಿ ಅಂದ್ರು. ಅಲ್ಲಿ ಇನ್ನೇನು ಮಾಡ್ಲಿ? ಇಳಿದ್ರೆ ಹೊಡೀಬೇಕು. ಬಾಕ್ಸಿಂಗಲ್ಲಿ ಒಬ್ಬನ್ನ ನಿಲ್ಲಿಸೋಕೆ ಹೊಡೆಯೋದು ಬಿಟ್ಟು ಬೇರೆ ದಾರಿ ಇಲ್ಲ. ನಂಗೆ ಆಮೇಲೆ ಯಾರ ತಲೆಗೂ ಹೊಡೆಯೋಕೆ ಕೈ ಏಳಲಿಲ್ಲ. ಅದಕ್ಕೆ ಇಲ್ಲಿಗೆ ಬಂದೆ. ಇಲ್ಲಿ ಹಿಡ್ಕೊಂಡೂ ಗೆಲ್ಲಬಹುದು.”

ನಾನು ಆ ಜಿಗುಟು ಮ್ಯಾಟಿನ ಮೇಲೆ ಕೂತುಬಿಟ್ಟೆ. ಕೈಯಲ್ಲೇ ಉಳಿಯುವ ತುತ್ತು, ಸೀದ ಪಾತ್ರೆ, ಹೇಳಿದ್ದನ್ನೇ ಹೇಳುವ ಮಾತು. ನರ್ಸ್ ಅಂತೆ ನಾನು! ಆರು ವರ್ಷ ಊರ ಜನರ ಕಿವಿ ತೊಳೆದವಳಿಗೆ ಮನೆಯಲ್ಲಿ ಎದುರು ಕೂತವರ ತಲೆ ಕಾಣಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಒಬ್ಬ ಸಿಕ್ಕಿದ್ದ ಎಂದು ಎಲ್ಲವನ್ನೂ ಅವನ ತಲೆಗೆ ಕಟ್ಟಿದ್ದೆ. ಜೀವನದಲ್ಲಿ ಯಾವ ಕೀವನ್ನು ಕಂಡೂ ಆಗದಷ್ಟು ಹೇಸಿಗೆ ಆವತ್ತು ನನ್ನ ಬಗ್ಗೆ ಆಯಿತು.

“ಅಳಬೇಡಿ,” ಎಂದ. ಕೈ ಚಾಚಿ, ನನ್ನನ್ನು ಮುಟ್ಟದೆ, ಪಕ್ಕದ ಮ್ಯಾಟಿನ ಮೇಲೆ ಇಟ್ಟ. “ಈ ಟವೆಲ್ ಕೊಡ್ತಿದ್ದೆ, ಆದ್ರೆ ಇದನ್ನ ನಾಲ್ಕು ಜನ ಬಳಸಿದ್ದಾರೆ.”

“ಥೂ,” ಎಂದು ಅಳುತ್ತಲೇ ಅಂದೆ.

ಶನಿವಾರ ಅಪ್ಪನಿಗೆ ಹೇಳಿ ನೋಡಿದೆ. ಡಾಕ್ಟರ ಹತ್ತಿರ ಹೋಗೋಣ ಎಂದೆ, ಬೇಡಿಕೊಂಡೆ, ಗ್ಲೌಸ್ ಬಚ್ಚಿಟ್ಟೆ. ಭಾನುವಾರ ಬೆಳಿಗ್ಗೆ ಅಪ್ಪ ನನಗಿಂತ ಮೊದಲೇ ಎದ್ದು ಬೇರೆ ಗ್ಲೌಸ್ ತೆಗೆದುಕೊಂಡು ಹೊರಟುಹೋಗಿದ್ದರು.

ನಾನು ಓಡಿಕೊಂಡು ಕ್ಲಬ್ ಮುಟ್ಟಿದಾಗ ಒಂಬತ್ತು ಗಂಟೆ. ಗೋಡೌನ್ ಎಂದಿನಂತೆ ಲಕಲಕ ಎನ್ನುತ್ತಿತ್ತು. ಫಿನಾಯಿಲ್ ಹಾಕಿ ಒರೆಸಿದ ನೆಲ, ಮಡಚಿಟ್ಟ ಬಿಳಿ ಟವೆಲ್ಲುಗಳು, ಸಾಲಾಗಿ ತೂಗುಹಾಕಿದ ಗ್ಲೌಸುಗಳು. ಚಿಕ್ಕಂದಿನಿಂದ ನನಗೆ ಇಷ್ಟವಾದ ಜಾಗ. ಆವತ್ತು ಆ ಬಿಳುಪು ನೋಡಿ ವಾಕರಿಕೆ ಬಂತು. ಇಷ್ಟು ಸ್ವಚ್ಛವಾದ ಜಾಗದಲ್ಲಿ, ಇಷ್ಟು ಶಿಸ್ತಿನಲ್ಲಿ, ಮೂವತ್ತು ವರ್ಷ ನನ್ನ ಅಪ್ಪನ ತಲೆಯನ್ನು ಗಂಟೆ ಹೊಡೆದು ಹೊಡೆದು ಹಾಳು ಮಾಡಿದ್ದಾರೆ.

ಅಪ್ಪ ರಿಂಗಿನಲ್ಲಿದ್ದರು. ಎದುರಿಗೆ ಲಾರಿ ಡ್ರೈವರ್ ಒಬ್ಬ, ಸೇರಿ ಮೂರು ವಾರವಾಗಿತ್ತು, ಒಳ್ಳೆಯ ಆಳು, ಅಪ್ಪನ ಮಾತು ಮೀರದವನು. “ಹೊಡಿ! ಜೋರಾಗಿ ಹೊಡಿ ಅಂದ್ನಲ್ಲ!” ಎಂದು ಅಪ್ಪ ಕೂಗುತ್ತಿದ್ದರು.

“ಅಪ್ಪಾ, ಇಳೀರಿ ಕೆಳಗೆ!”

“ಮನೆಗೆ ಹೋಗು ನೀನು. ಇಲ್ಲಿ ಹೆಂಗಸರ ಗೋಳು ಬೇಡ.”

ನನ್ನ ಪಕ್ಕದಲ್ಲಿ ಯಾರೋ ಚಪ್ಪಲಿ ಬಿಟ್ಟರು. ಎಡಚ. ಬರಿಗಾಲು, ಬರಿಗೈ, ಕಿವಿಗೆ ಪಟ್ಟಿ. ಹಗ್ಗದ ನಡುವೆ ನುಸುಳಿ ಒಳಗೆ ಹೋಗಿ ಡ್ರೈವರಿಗೆ ಕಣ್ಣಲ್ಲೇ ಹೊರಗೆ ಹೋಗಲು ಹೇಳಿದ. ಆ ಮನುಷ್ಯ ಬದುಕಿದೆಯಾ ಬಡಜೀವವೇ ಎಂದು ಇಳಿದ.

“ಬಂದ್ಯಾ ಹೇಡಿ,” ಎಂದರು ಅಪ್ಪ. ಆದರೆ ಕಣ್ಣು ಬೆಳಗಿತ್ತು. “ಗ್ಲೌಸ್ ಹಾಕ್ಕೋ.”

“ಇಲ್ಲ ಸರ್.”

“ಹಾಕ್ಕೋ ಅಂದೆ!”

“ಇಲ್ಲ ಸರ್. ನೀವು ಹೊಡೀರಿ.”

ಅಪ್ಪ ಹೊಡೆದರು, ತಮಾಷೆಗಲ್ಲ. ಮೂಗಿನಿಂದ ರಕ್ತ ಬಂತು. ಎರಡನೆಯದು ಪಟ್ಟಿ ಕಟ್ಟಿದ ಕಿವಿಗೇ ಬಿತ್ತು, ನಾನು ಕೂಗಿಕೊಂಡೆ. ಅವನು ಕೈ ಎತ್ತಲಿಲ್ಲ. ಮೂರನೆಯದು ಬೀಸಿ ಬರುವಾಗ ತಲೆ ತಗ್ಗಿಸಿ ಕೆಳಗಿನಿಂದ ನುಗ್ಗಿದ, ಅಪ್ಪನ ಸೊಂಟ ತಬ್ಬಿ ಹಿಡಿದ. ಎಸೆಯಲಿಲ್ಲ. ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸಿದ. ಒಂದು ಅಂಗೈಯನ್ನು ಅಪ್ಪನ ತಲೆಯ ಹಿಂದೆ ಇಟ್ಟಿದ್ದ. ನೆಲ ತಗುಲಿದ್ದು ಅವನ ಬೆರಳ ಗೆಣ್ಣಿಗೆ, ಅಪ್ಪನ ತಲೆಗಲ್ಲ.

“ಬಿಡೋ! ಇದು ಬಾಕ್ಸಿಂಗ್ ಅಲ್ಲ! ಕಚಡಾ ನನ್ಮಗನೆ, ಬಿಡೋ!”

“ಸಾಕು ಅನ್ನಿ ಸರ್, ಬಿಡ್ತೀನಿ.”

ಅಪ್ಪ ಒದ್ದಾಡಿದರು. ಇನ್ನೂ ಒಳ್ಳೆಯ ಬಲ ಇತ್ತು. ಅವನು ಎಲ್ಲೂ ಅದುಮದೆ, ಎಲ್ಲೂ ತಿರುಚದೆ, ಅಪ್ಪ ಹೊರಳಿದ ಕಡೆ ಹೊರಳುತ್ತ ಪಟ್ಟು ಮಾತ್ರ ಬಿಡದೆ ಹಿಡಿದಿದ್ದ. ಅವನ ಮೂಗಿನ ರಕ್ತ ಅಪ್ಪನ ಬಿಳಿ ಬನಿಯನ್ನಿಗೆ ಬಳಿದುಕೊಂಡಿತು. ಇಬ್ಬರ ಬೆವರೂ ಒಂದಾಗಿತ್ತು, ಇಬ್ಬರೂ ಏದುಸಿರು ಬಿಡುತ್ತಿದ್ದರು. ನೋಡಲು ಹೊಲಸಾಗಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.

“ಬೆಲ್ ಹೊಡೀರೋ ಯಾರಾದ್ರೂ,” ಎಂದರು ಅಪ್ಪ. “ಮೂರು ನಿಮಿಷ ಆಯ್ತು.”

ಯಾರೂ ಹೊಡೆಯಲಿಲ್ಲ.

ಎಷ್ಟು ಹೊತ್ತಾಯಿತೋ. ಅಪ್ಪನ ಕಾಲು ಒದೆಯುವುದನ್ನು ನಿಲ್ಲಿಸಿತು. ಗ್ಲೌಸು ಹಾಕಿದ ಕೈ ಅವನ ಬೆನ್ನ ಮೇಲೆ ಸುಮ್ಮನೆ ಬಿತ್ತು. ಚಾವಣಿ ನೋಡುತ್ತ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಅಪ್ಪ ಕೇಳಿದರು:

“ಇದು ಯಾವ ರೌಂಡೋ?”

“ಕೊನೇದು ಸರ್.”

“ಹೌದಾ.” ಗ್ಲೌಸಿನಲ್ಲೇ ಅವನ ಬೆನ್ನನ್ನು ಎರಡು ಸಲ ತಟ್ಟಿದರು. “ಹಾಗಿದ್ರೆ ಸಾಕು ಕಣೋ.”

ಅವನು ತಕ್ಷಣ ಹಿಡಿತ ಸಡಿಲಿಸಿದ, ಆದರೆ ಏಳಲಿಲ್ಲ. ಅಪ್ಪನ ಎದೆಯ ಮೇಲೆ ಮುಖ ಇಟ್ಟು ಬಿಕ್ಕಿಬಿಕ್ಕಿ ಅತ್ತ. ನಾನು ಹಗ್ಗ ದಾಟಿ ಹೋಗಿ ಇಬ್ಬರ ಪಕ್ಕದಲ್ಲಿ ಕೂತು ಅಪ್ಪನ ಗ್ಲೌಸಿನ ದಾರ ಬಿಚ್ಚಿದೆ. ಅವನ ಕಿವಿಯ ಪಟ್ಟಿ ಕಳಚಿ ನೇತಾಡುತ್ತಿತ್ತು, ಕಿವಿ ಮತ್ತೆ ತುಂಬಿಕೊಂಡಿತ್ತು. ಗ್ಲೌಸಿಲ್ಲದ ಬರಿ ಬೆರಳಲ್ಲಿ ಹಿಡಿದು ಒತ್ತಿದೆ. ಅವನು ನನ್ನ ಕಡೆ ನೋಡಿದ, ನಾನು ಬೇರೆ ಕಡೆ ನೋಡಲಿಲ್ಲ. ಗಡಿಯಾರ ಇರಲಿಲ್ಲ, ಹತ್ತು ನಿಮಿಷಕ್ಕಿಂತ ಜಾಸ್ತಿಯೇ ಆಗಿರಬೇಕು.

ಹದಿನೈದು ದಿನ ಕಳೆದು ನರರೋಗದ ಡಾಕ್ಟರ ಮುಂದೆ ಮೂವರೂ ಕೂತಿದ್ದೆವು. ಸ್ಕ್ಯಾನ್ ಆಗಿತ್ತು. ವಯಸ್ಸಾದ ಡಾಕ್ಟರು, ಸುತ್ತಿ ಬಳಸಿ ಮಾತಾಡಲಿಲ್ಲ.

“ಹೋಗಿರೋದು ವಾಪಸ್ ಬರಲ್ಲಮ್ಮ. ಇನ್ಮೇಲೆ ತಲೆಗೆ ಒಂದೇ ಒಂದು ಏಟೂ ಬೀಳಬಾರದು. ಬೀಳದೆ ಇದ್ರೆ, ಇರೋದನ್ನ ಆದಷ್ಟು ದಿನ ಉಳಿಸ್ಕೋಬಹುದು.”

“ಇಳಿಯಲ್ಲ ಬಿಡಿ,” ಎಂದರು ಅಪ್ಪ, ಗದರುವ ದನಿಯಲ್ಲಿ. “ಮಾತು ಕೊಟ್ಟಿದ್ದೀನಿ.”

ಡಾಕ್ಟರು ಪರೀಕ್ಷೆ ಶುರು ಮಾಡಿದರು. ಇವತ್ತು ಯಾವ ವಾರ ಎಂದರು, ಅಪ್ಪ ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಾಗ ತೊಂಬತ್ತಮೂರಕ್ಕೆ ನಿಂತು, “ನಮ್ಮ ಕೆಲಸಕ್ಕೆ ಹತ್ತರ ತನಕ ಎಣಿಸೋಕೆ ಬಂದ್ರೆ ಸಾಕು,” ಎಂದು ರೇಗಿದರು. ಡಾಕ್ಟರು ನಕ್ಕು, ನಮ್ಮಿಬ್ಬರ ಕಡೆ ಪೆನ್ನು ತೋರಿಸಿದರು.

“ಇವರು ಯಾರು?”

“ನನ್ನ ಮಗಳು.”

“ಇವರು?”

ಅಪ್ಪ ಬಾಯಿ ತೆರೆದರು. ಮಾತು ಬರಲಿಲ್ಲ. ಅವನನ್ನೇ ನೋಡಿದರು. ಆ ಕಣ್ಣಲ್ಲಿ ಗುರುತು ಇತ್ತು, ಪ್ರೀತಿಯೂ ಇತ್ತು, ಹೆಸರು ಮಾತ್ರ ಸಿಗುತ್ತಿರಲಿಲ್ಲ. “ಇವನು… ಇವನು ನಮ್ಮ…” ಎಂದರು. ಹಣೆಯಲ್ಲಿ ಬೆವರು ಬಂತು. ಎಡಚ ಕುರ್ಚಿಯ ತುದಿಗೆ ಬಂದು, ತುಟಿ ಬಿಗಿಹಿಡಿದು, ತಾನು ಹೇಳಿಕೊಡಬಾರದೆಂದು ಕೂತಿದ್ದ. ನನಗೆ ತಡೆಯಲಾಗಲಿಲ್ಲ.

“ಅಳಿಯ,” ಎಂದೆ.

ಎಡಚ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ.

“ನೀವು ಹೇಳಿಕೊಡಬಾರದಮ್ಮ,” ಎಂದರು ಡಾಕ್ಟರು.

ಅಪ್ಪ ನನ್ನನ್ನು ನೋಡಿದರು, ಅವನನ್ನು ನೋಡಿದರು. ಪಾಪ, ಇದನ್ನೂ ತಾನೇ ಮರೆತಿದ್ದೇನೆ ಎಂದುಕೊಂಡರು. “ಹೌದಾ? ಯಾವಾಗಾಯ್ತು ಮದುವೆ?”

“ಇನ್ನೂ ಆಗಿಲ್ಲ ಅಪ್ಪ.”

“ಮತ್ತೆ ಅವನಿಗೆ ಗೊತ್ತಾ?”

ಎಡಚನ ಮುಖ ಕೆಂಪಾಗಿ, ಆ ಕೆಂಪು ಕತ್ತಿನಿಂದ ಎರಡೂ ಕಿವಿಗೆ ಹತ್ತಿತ್ತು. “ಈಗ ಗೊತ್ತಾಯ್ತು ಸರ್,” ಎಂದ. ದನಿ ಒಡೆದಿತ್ತು. ನನ್ನ ಕಡೆ ತಿರುಗಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಮೇಡಂ ಬಿಟ್ಟು ಮಾತಾಡಿದ: “ನಿಜ ಹೇಳ್ತಿದ್ದೀಯಾ?”

“ಡಾಕ್ಟರ ಮುಂದೆ ಯಾರಾದ್ರೂ ಸುಳ್ಳು ಹೇಳ್ತಾರಾ? ನಿನ್ನಂಥವನ್ನ ಕಟ್ಕೊಳ್ಳೋಕೆ ನಂಗೆ ಅಸಹ್ಯ ಆಗುತ್ತೆ. ಆದ್ರೂ ಬೇಕು. ಸಾಕಾ?”

ಅಪ್ಪ ಜೋರಾಗಿ ನಕ್ಕರು, ತಿಂಗಳುಗಟ್ಟಲೆ ಕೇಳದ ನಗು. ಮುಂದೆ ಬಾಗಿ ಅವನ ಮೊಣಕಾಲ ಮೇಲೆ ಕೈ ಇಟ್ಟರು.

“ನಿನ್ನ ಹೆಸರು ಇನ್ನೊಂದ್ಸಲ ಹೇಳೋ. ಅಳಿಯನ ಹೆಸರು ಮರೀಬಾರದು.”

ಅವನು ಹೇಳಿದ. ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನು ಎರಡು ಸಲ ನಿಧಾನವಾಗಿ ಹೇಳಿಕೊಂಡರು. ಮೂರನೇ ಸಲ ಅರ್ಧದಲ್ಲಿ ತಡವರಿಸಿದಾಗ, ಉಳಿದರ್ಧ ನಾನು ಹೇಳಿದೆ.